ಎರಡೆಕರೆ ಇಪ್ಪತ್ತು

ಹೊಲದ ಅಳತೆಯನ್ನು ಯಾರಾದರೂ ಬರೀ ‘ಎರಡೆಕರೆ ಇಪ್ಪತ್ತು’ ಎಂದುಬಿಟ್ಟರೆ ನಮ್ಮಪ್ಪ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಸಿರುಗುಪ್ಪದಲ್ಲಿ ಅವರು ಪತ್ರ ಬರಹಗಾರರು. ಒಂದು ಮೇಜು, ಎರಡು ಕುರ್ಚಿ, ಛಾಪಾ ಕಾಗದ ಇಡುವ ಒಂದು ತಗಡಿನ ಪೆಟ್ಟಿಗೆ, ಇಷ್ಟೇ ಅವರ ಅಂಗಡಿ. ಕ್ರಯಪತ್ರ ಬರೆಸಲು ಬಂದ ರೈತ ಹಳೆ ಚೀಟಿಯೊಂದನ್ನು ಮುಂದಿಟ್ಟು ಅದರಲ್ಲಿರುವಂತೆ ಬರೀರಿ ಸ್ವಾಮಿ ಎಂದರೆ ಅಪ್ಪ ಚೀಟಿಯನ್ನು ಹಾಗೇ ವಾಪಸು ತಳ್ಳುವರು.

‘ಇಪ್ಪತ್ತು ಏನಪಾ? ಸೆಂಟ್ಸೋ ಗುಂಟೆಯೋ?’

‘ಇಪ್ಪತ್ತು ಅಂತ ಐತಲ್ರಿ.’

‘ಇಪ್ಪತ್ತು ಅಂತ ಐತಿ. ಏನಂತ ಇಲ್ಲ.’

ಹೊರಗಿನವರಿಗೆ ಇದು ಮುದುಕರ ಹಟದಂತೆ ಕಾಣಬಹುದು. ನಮ್ಮ ಕಡೆ ಎಕರೆಗೆ 100 ಸೆಂಟ್ಸ್. ತುಂಗಭದ್ರೆ ದಾಟಿ ದಢೇಸುಗೂರಿನ ಮೇಲೆ ಸಿಂಧನೂರಿನ ಸೀಮೆಗೆ ಕಾಲಿಟ್ಟರೆ ಎಕರೆಗೆ 40 ಗುಂಟೆ. ಎರಡೆಕರೆ ಇಪ್ಪತ್ತು ಸೆಂಟ್ಸ್ ಅಂದರೆ 2.2 ಎಕರೆ, ಎರಡೆಕರೆ ಇಪ್ಪತ್ತು ಗುಂಟೆ ಅಂದರೆ ಸರಿಯಾಗಿ ಎರಡೂವರೆ. ನಡುವಿನ ವ್ಯತ್ಯಾಸ 30 ಸೆಂಟ್ಸ್. ಅಷ್ಟು ಜಾಗದಲ್ಲಿ ಒಂದು ಮನೆ, ಒಂದು ಕಣ, ಎರಡು ಬಣವೆ ಮತ್ತು ಮೂರು ತಲೆಮಾರಿನ ಒಂದು ವ್ಯಾಜ್ಯ ಆರಾಮಾಗಿ ಹಿಡಿಸುತ್ತವೆ. ಹೊಳೆಯ ಆಚೆ ನೆಂಟಸ್ತನ ಮಾಡಿದವರು, ಆಚೆಯಿಂದ ಬಂದು ಈಚೆ ಗದ್ದೆ ಕೊಂಡವರು ನಮ್ಮೂರಲ್ಲಿ ಬಹಳ. ಹಾಗಾಗಿ ಅಪ್ಪನ ಮೇಜಿನ ಮೇಲೆ ಎರಡೂ ದಡದ ಚೀಟಿಗಳು ಬೀಳುತ್ತಿದ್ದವು, ಎರಡರ ಮೇಲೂ ಬರೀ ಅಂಕಿ.

ಈ ಎರಡು ಅಳತೆಗಳು ಬಂದದ್ದು ಎರಡು ಸರ್ಕಾರಗಳಿಂದ. ಈಚೆ ದಡ ಮದ್ರಾಸ್ ಪ್ರಾಂತ್ಯ, ಆಚೆ ದಡ ನಿಜಾಮರ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಸಿರುಗುಪ್ಪ ಇತ್ತ ಮೈಸೂರಿಗೆ ಬಂತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯೂ ಬಂದು ಸೇರಿತು. ಎಲ್ಲರಿಗೂ ಒಂದೇ ಭೂಕಂದಾಯ ಕಾಯ್ದೆ ಆದದ್ದು 1964ರಲ್ಲಿ. ಅಲ್ಲಿಯವರೆಗೆ ಮದ್ರಾಸಿನ ಕಾನೂನು ಮೈಸೂರು ರಾಜ್ಯದೊಳಗೇ ನಡೆದುಕೊಂಡು ಹೋಯಿತು. ರಾಜ್ಯ ಬದಲಾಯಿತೆಂದು ಬೆಳಗಾಗುವುದರಲ್ಲಿ ಎಲ್ಲ ಹಕ್ಕುಪತ್ರ ಹರಿದುಹಾಕಲು ಬರುತ್ತದೆಯೇ? ಹಳೆಯದು ಹಳೆಯದರಂತೆ, ಹೊಸದು ಹೊಸದರಂತೆ. ಎರಡೂ ಒಂದೇ ಮೇಜಿನ ಮೇಲೆ ಕೂಡುವಾಗ ಮಾತ್ರ ನಮ್ಮಪ್ಪನಂಥವರು ಬೇಕು.

ಕಸುಬಿನಿಂದ ನಾನು ಜಾವಾ ಪ್ರೋಗ್ರಾಮರ್. 2003ರಿಂದ ಆ ಭಾಷೆಯಲ್ಲಿ ಅನ್ನ ಉಣ್ಣುತ್ತಿದ್ದೇನೆ. ಅಪ್ಪನ ಆ ಪ್ರಶ್ನೆಯನ್ನೇ ನನ್ನ ಕಂಪೈಲರ್, ಅಂದರೆ ಬರೆದ ಪ್ರೋಗ್ರಾಮನ್ನು ಓಡುವ ಮುಂಚೆ ಪರೀಕ್ಷಿಸಿ ಯಂತ್ರಕ್ಕೆ ಒಪ್ಪಿಸುವ ತಂತ್ರಾಂಶ, ದಿನಾ ಕೇಳುತ್ತಿತ್ತೆಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ತಿಳಿಯದಿರುವಷ್ಟು ದಿನ ಅದರ ಬಾಯಿ ಕಟ್ಟಿ ಕೂರಿಸಿದ್ದೆ. ನಾನೊಬ್ಬನೇ ಅಲ್ಲ, ನಮ್ಮ ಪೀಳಿಗೆಯ ಬಹುಪಾಲು ಮಂದಿ. ಅದೊಂದು ಪದ್ಧತಿಯೇ ಆಗಿಹೋಗಿತ್ತು. ಆ ಪದ್ಧತಿ ಎಲ್ಲಿಂದ ಬಂತು ಎಂಬ ಕಥೆ ನನಗೆ ಈಗೀಗ ಸ್ವಾರಸ್ಯವಾಗಿ ಕಾಣುತ್ತಿದೆ.

ಬಳ್ಳಾರಿಯಲ್ಲಿ ನಾನು ಇಂಜಿನಿಯರಿಂಗ್ ಸೇರಿದ್ದು 1999ರಲ್ಲಿ. ತೆಕ್ಕಲಕೋಟೆ ದಾಟಿ ಐವತ್ತು ಚಿಲ್ಲರೆ ಕಿಲೋಮೀಟರ್ ಬಸ್ಸು. ಲ್ಯಾಬಿನಲ್ಲಿ ಇದ್ದದ್ದು ಜಾವಾ 1.3. ನಮ್ಮ ಮೇಷ್ಟ್ರು ‘ವೆಕ್ಟರ್’ ಎಂಬುದನ್ನು ಬೋರ್ಡಿನ ಮೇಲೆ ಚೀಲದ ಚಿತ್ರ ಬರೆದೇ ಹೇಳಿಕೊಟ್ಟರು. ಅದರೊಳಗೆ ಏನನ್ನಾದರೂ ಹಾಕಬಹುದು: ಹೆಸರು, ಅಂಕಿ, ತಾರೀಖು. ಜಾವಾದಲ್ಲಿ ಎಲ್ಲ ವಸ್ತುಗಳೂ ಕೊನೆಗೆ ‘ಆಬ್ಜೆಕ್ಟ್’ ಎಂಬ ಮೂಲಪುರುಷನ ಸಂತತಿ, ಚೀಲಕ್ಕೆ ಅಷ್ಟು ಗೊತ್ತಿದ್ದರೆ ಸಾಕು. ತೆಗೆಯುವಾಗ ಮಾತ್ರ ‘ಇದು ಹೆಸರು’ ಎಂದು ನಾವು ಬಾಯಿಬಿಟ್ಟು ಹೇಳಬೇಕು. ಇದನ್ನೇ ಕ್ಯಾಸ್ಟ್ ಮಾಡುವುದು ಎನ್ನುತ್ತೇವೆ. ನಾವು ಹೇಳಿದ್ದು ಸುಳ್ಳಾದರೆ ಪ್ರೋಗ್ರಾಂ ಓಡುತ್ತಿರುವಾಗಲೇ ‘ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಶನ್’ ಎಂದು ಕೂಗಿ ಬಿದ್ದುಹೋಗುತ್ತದೆ. ಅಂಗಡಿ ತೆರೆದು ಗಿರಾಕಿ ಬಂದ ಮೇಲೆ ಬೀಳುವುದು, ಮೊದಲಲ್ಲ.

ಜಾವಾವನ್ನು ಕಟ್ಟಿದವರು ಇಷ್ಟಕ್ಕೇ ಯಾಕೆ ಬಿಟ್ಟರು? 1991ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತವರ ಜೊತೆಗಾರರು ಮನೆಬಳಕೆಯ ಉಪಕರಣಗಳಿಗೆಂದು ಈ ಭಾಷೆಯನ್ನು ಶುರುಮಾಡಿದಾಗ ಅದರ ಹೆಸರು ಓಕ್. ಜಗತ್ತಿಗೆ ಜಾವಾ ಎಂಬ ಹೆಸರಲ್ಲಿ ಕಂಡದ್ದು 1995ರ ಮೇ ತಿಂಗಳಲ್ಲಿ, ಮೊದಲ ಆವೃತ್ತಿ 1996ರ ಜನವರಿಯಲ್ಲಿ. ಅಂತರ್ಜಾಲದ ಜಾತ್ರೆ ಅದಾಗಲೇ ಸೇರಿತ್ತು, ತೇರು ಎಳೆಯಲೇಬೇಕಿತ್ತು. ಚೀಲಕ್ಕೆ ಬಗೆಯ ಚೀಟಿ ಅಂಟಿಸುವ ವ್ಯವಸ್ಥೆ ಆ ಅವಸರದಲ್ಲಿ ಹಿಂದೆ ಉಳಿಯಿತು. 1998ರ ಡಿಸೆಂಬರಿನಲ್ಲಿ ಬಂದ 1.2ನೇ ಆವೃತ್ತಿಯಲ್ಲಿ ಜೋಶುವಾ ಬ್ಲಾಕ್ ಅವರ ಕೈಯಿಂದ ಹೊಸ ಚೀಲಗಳು ಬಂದವು: ಲಿಸ್ಟ್, ಸೆಟ್, ಮ್ಯಾಪ್. ಹೊಲಿಗೆ ಅಚ್ಚುಕಟ್ಟು. ಚೀಟಿ ಆಗಲೂ ಇಲ್ಲ.

ಇಲ್ಲೊಂದು ಅಡ್ಡಮಾತು. ಜಾವಾ ಮೊದಲ ದಿನದಿಂದಲೂ ಯೂನಿಕೋಡ್ ಮೇಲೆ ನಿಂತ ಭಾಷೆ, ಕನ್ನಡವೋ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಸೇರಿತ್ತು. ಹಾಗಾಗಿ ಜಾವಾದಲ್ಲಿ ಕ್ಲಾಸಿನ ಹೆಸರನ್ನು ‘ಚೀಲ’ ಎಂದೇ ಇಡಬಹುದು, ಅದರ ಬಗೆಯನ್ನು ‘ಧಾನ್ಯ’ ಎನ್ನಬಹುದು. ಕಂಪೈಲರ್ ತಕರಾರು ಮಾಡುವುದಿಲ್ಲ. ಇದು ಗೊತ್ತಾದ ದಿನ ನಾನು ರಾತ್ರಿಯೆಲ್ಲ ಕೂತು ‘ಚೀಲ’, ‘ನೆಲ್ಲು’, ‘ಜೋಳ’ ಎಂಬ ಕ್ಲಾಸುಗಳನ್ನು ಬರೆದೆ. ಕೆಲಸಕ್ಕೆ ಬಾರದ ಪ್ರೋಗ್ರಾಂ. ಆದರೆ ಮುಂದೆ ಜೆನೆರಿಕ್ಸ್, ಅಂದರೆ ಚೀಲಕ್ಕೆ ಬಗೆಯ ಚೀಟಿ ಅಂಟಿಸುವ ಆ ವ್ಯವಸ್ಥೆ, ನನಗೆ ಅರ್ಥವಾದದ್ದು ಅದೇ ಫೈಲಿನಲ್ಲಿ.

ಚೀಟಿಯ ಯೋಚನೆ ಬಂದದ್ದು ಸನ್ ಕಂಪನಿಯ ಹೊರಗಿನಿಂದ. ಪ್ರೋಗ್ರಾಂ ಭಾಷೆಗಳ ಗಣಿತದಲ್ಲಿ ಮುಳುಗಿದ್ದ ಇಬ್ಬರು, ಮಾರ್ಟಿನ್ ಒಡೆರ್ಸ್ಕಿ ಮತ್ತು ಫಿಲಿಪ್ ವಾಡ್ಲರ್, ಜಾವಾ ಬಂದ ಕೂಡಲೇ ಅದಕ್ಕೆ ಕಸಿ ಮಾಡಲು ಕೂತರು. ವಾಡ್ಲರ್ ಹ್ಯಾಸ್ಕೆಲ್ ಭಾಷೆಯನ್ನು ರೂಪಿಸಿದವರಲ್ಲೊಬ್ಬರು. ಆ ಲೋಕದಲ್ಲಿ ‘ಬರೀ ಇಪ್ಪತ್ತು’ ಎಂಬ ಮಾತಿಗೆ ಅವಕಾಶವೇ ಇಲ್ಲ. ಅವರ ಕಸಿಗಿಡದ ಹೆಸರು ಪಿಟ್ಜಾ, ಅದರ ಬಗೆಗಿನ ಪ್ರಬಂಧ ಬಂದದ್ದು 1997ರಲ್ಲಿ. ಪಿಟ್ಜಾದಲ್ಲಿ ಜೆನೆರಿಕ್ಸ್ ಅಲ್ಲದೆ ಇನ್ನೂ ಏನೇನೋ ಇತ್ತು, ಒಂದೇ ಏಟಿಗೆ ಜಾವಾಕ್ಕೆ ಜೀರ್ಣವಾಗುವಂಥದ್ದಲ್ಲ. ಸನ್‌ನಲ್ಲಿದ್ದ ಗಿಲಾಡ್ ಬ್ರಾಚಾ ಮತ್ತು ಡೇವಿಡ್ ಸ್ಟೌಟಮೈರ್ ಜೊತೆಗೂಡಿದರು. ನಾಲ್ವರೂ ಸೇರಿ ಜೆನೆರಿಕ್ಸ್ ಒಂದನ್ನೇ ಬಿಡಿಸಿಕೊಂಡು ‘ಜಿಜೆ’ ಎಂಬ ಚಿಕ್ಕ ಭಾಷೆ ಮಾಡಿದರು. 1998ರಲ್ಲಿ ಬಂದ ಅದರ ಪ್ರಬಂಧದ ಶೀರ್ಷಿಕೆಯೇ ಅವರ ಮನಸ್ಸನ್ನು ಹೇಳುತ್ತದೆ: ಬರಲಿರುವುದರಿಂದ ಆಗಿಹೋದದ್ದಕ್ಕೆ ಧಕ್ಕೆ ತಟ್ಟಬಾರದು.

ನನಗೆ ರೋಮಾಂಚನವಾದದ್ದು ಇನ್ನೊಂದು ವಿಷಯ ಓದಿದಾಗ. ಒಡೆರ್ಸ್ಕಿ ಬರೆದ ಕಂಪೈಲರನ್ನು ಸನ್ ತನ್ನದಾಗಿಸಿಕೊಂಡಿತು, 1.3ನೇ ಆವೃತ್ತಿಯಿಂದ ಜಾವಾದ ಅಧಿಕೃತ ಕಂಪೈಲರ್ ಅದರ ಮೇಲೆಯೇ ಕಟ್ಟಿದ್ದು, ಜೆನೆರಿಕ್ಸ್ ಭಾಗವನ್ನು ಮಾತ್ರ ಮುಚ್ಚಿಟ್ಟು. ಅಂದರೆ ಬಳ್ಳಾರಿಯ ಲ್ಯಾಬಿನಲ್ಲಿ ಫ್ಯಾನು ತಿರುಗದ ಮಧ್ಯಾಹ್ನಗಳಲ್ಲಿ ನಾವು ಕ್ಯಾಸ್ಟ್ ಮೇಲೆ ಕ್ಯಾಸ್ಟ್ ಬರೆದು ಬೈಸಿಕೊಳ್ಳುತ್ತಿದ್ದಾಗ, ಅದರ ಮದ್ದು ಬಲ್ಲ ಯಂತ್ರವೇ ನಮ್ಮೆದುರು ಬಾಯಿ ಮುಚ್ಚಿಕೊಂಡು ಕೂತಿತ್ತು.

1999ರಲ್ಲಿ ಜೆಎಸ್‌ಆರ್ 14 ಎಂಬ ಪ್ರಸ್ತಾವವಾಗಿ ಜೆನೆರಿಕ್ಸ್ ಅಧಿಕೃತ ಹಾದಿ ಹಿಡಿಯಿತು. ಮುಂದಾಳು ಬ್ರಾಚಾ. ಭಾಷೆಯೊಳಗೆ ಬಂದದ್ದು 2004ರ ಸೆಪ್ಟೆಂಬರ್ 30ಕ್ಕೆ, ‘ಟೈಗರ್’ ಎಂಬ ಅಡ್ಡಹೆಸರಿನ ಜಾವಾ 5ರಲ್ಲಿ. ಐದು ವರ್ಷ ಹಿಡಿದ ಬಾಬತ್ತಿಗೆ ನಡುವೆ ಡೆನ್ಮಾರ್ಕಿನ ಆರ್ಹುಸ್‌ನಿಂದಲೂ ಒಂದು ಕೊಡುಗೆ ಬಂತು. ಮ್ಯಾಡ್ಸ್ ಟೋರ್ಗರ್ಸನ್ ಮತ್ತು ಗೆಳೆಯರು ಪ್ರಶ್ನಾರ್ಥಕ ಚಿಹ್ನೆಯ ವೈಲ್ಡ್‌ಕಾರ್ಡ್ ತಂದರು. ಆ ಟೋರ್ಗರ್ಸನ್ ಮುಂದೆ ಮೈಕ್ರೋಸಾಫ್ಟ್‌ಗೆ ಹೋಗಿ ಸಿ ಶಾರ್ಪ್ ಭಾಷೆಯ ಉಸ್ತುವಾರಿ ಹೊತ್ತರು. ಹೊಳೆಯ ಎರಡೂ ದಡಕ್ಕೆ ನೆಂಟಸ್ತನ ಎಲ್ಲ ಕಡೆ ಇರುವುದೇ.

ಈಗ ನಿಜವಾದ ಗಂಟಿಗೆ ಬರುತ್ತೇನೆ. 2004ಕ್ಕಾಗಲೇ ಜಾವಾಕ್ಕೆ ಎಂಟು ವರ್ಷ. ಬ್ಯಾಂಕು, ರೈಲ್ವೆ, ವಿಮೆ, ಟೆಲಿಫೋನು ಎಲ್ಲೆಲ್ಲೂ ಚೀಟಿಯಿಲ್ಲದ ಚೀಲಗಳ ಕೋಡು ಓಡುತ್ತಿತ್ತು. ನಾಳೆಯಿಂದ ಚೀಟಿ ಕಡ್ಡಾಯ ಎನ್ನಬೇಕೇ? ಎನ್ನಬಹುದಿತ್ತು. ಕರ್ನಾಟಕ ಸರ್ಕಾರ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಂಥದ್ದೇ ಒಂದು ನಿರ್ಧಾರ ಮಾಡಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ತಾಲೂಕು ತಾಲೂಕಾಗಿ ಗಣಕೀಕೃತ ಪಹಣಿ ಶುರುವಾದಂತೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದಿತು. ಹಳೆಯದು ರದ್ದು, ಹೊಸದೇ ಸರಿ. ಅಪ್ಪ ಆ ದಿನಗಳಲ್ಲಿ ಪ್ರತಿ ಪತ್ರಕ್ಕೂ ಹೊಸ ಪಹಣಿ ತನ್ನಿರೆಂದು ಜನರನ್ನು ತಾಲೂಕು ಕಚೇರಿಗೆ ಅಟ್ಟಿ ಅಟ್ಟಿ ಗಂಟಲು ಒಣಗಿಸಿಕೊಂಡಿದ್ದರು. ಸರ್ಕಾರಕ್ಕೆ ಅದು ಸಾಧ್ಯ, ಸರ್ಕಾರ ಒಂದೇ. ಜಾವಾಕ್ಕೆ ಯಜಮಾನರು ಲಕ್ಷಾಂತರ. ನನ್ನ ಪ್ರೋಗ್ರಾಂ ಯಾರದೋ ಲೈಬ್ರರಿಯನ್ನು ನಂಬಿಕೊಂಡಿರುತ್ತದೆ, ಆ ಲೈಬ್ರರಿ ಇನ್ನಾರದನ್ನೋ. ಎಲ್ಲರೂ ಒಂದೇ ದಿನ ಬದಲಾಗುವುದು ಆಗದ ಮಾತು.

ಆದ್ದರಿಂದ ಜಾವಾದವರು 1953ರ ದಾರಿ ಹಿಡಿದರು: ಹಳೆ ಕಾನೂನು ಹೊಸ ರಾಜ್ಯದೊಳಗೆ ನಡೆಯಲಿ. ಚೀಟಿಯಿಲ್ಲದ ಹಳೆ ಲಿಸ್ಟ್ ಕೂಡ ನಡೆಯುತ್ತದೆ, ಅದಕ್ಕೆ ‘ರಾ ಟೈಪ್’ ಎಂದು ಹೆಸರಿಟ್ಟರು, ಹಸಿ ಮಾಲು ಅಂದಂತೆ. ಚೀಟಿಯ ಲಿಸ್ಟನ್ನು ಚೀಟಿಯಿಲ್ಲದ ಕಡೆಗೂ, ಚೀಟಿಯಿಲ್ಲದ್ದನ್ನು ಚೀಟಿಯ ಕಡೆಗೂ ದಾಟಿಸಬಹುದು. ಇದು ಸಾಧ್ಯವಾಗಲು ಚೀಟಿ ಕಂಪೈಲರ್ ಮುಂದೆ ಮಾತ್ರ ಇರುತ್ತದೆ. ಪರೀಕ್ಷೆ ಮುಗಿದು ಪ್ರೋಗ್ರಾಂ ಓಡಲು ಹೊರಡುವ ಹೊತ್ತಿಗೆ ಕಂಪೈಲರ್ ಚೀಟಿಗಳನ್ನು ಕಿತ್ತುಹಾಕಿ, ಬೇಕಾದ ಕಡೆ ತಾನೇ ಕ್ಯಾಸ್ಟ್ ಸೇರಿಸಿ ಕಳಿಸುತ್ತದೆ. ಓಡುವ ಯಂತ್ರದ ಕಣ್ಣಿಗೆ ನೆಲ್ಲಿನ ಚೀಲವೂ ಜೋಳದ ಚೀಲವೂ ಬರೀ ಚೀಲ. ಇದನ್ನೇ ಟೈಪ್ ಇರೇಜರ್ ಎನ್ನುವುದು. ಮೈಕ್ರೋಸಾಫ್ಟ್‌ನ ಡಾನ್ ಸೈಮ್ ಮತ್ತು ಆಂಡ್ರ್ಯೂ ಕೆನಡಿ ಇದರ ಉಲ್ಟಾ ಹಾದಿ ಹಿಡಿದರು. 2005ರ ಡಾಟ್‌ನೆಟ್ 2.0ರಲ್ಲಿ ಚೀಟಿ ಓಡುವಾಗಲೂ ಉಳಿಯುತ್ತದೆ, ಆದರೆ ಹಳೆ ಚೀಲಗಳ ಪಕ್ಕದಲ್ಲಿ ಹೊಸ ಚೀಲಗಳ ಬೇರೆಯೇ ಸಾಲು ಇಡಬೇಕಾಯಿತು. ಯಾವುದು ಮೇಲು ಎಂದು ನಮ್ಮ ಕ್ಯಾಂಟೀನಿನಲ್ಲಿ ನಡೆದ ಜಗಳಗಳಿಗೆ ಲೆಕ್ಕವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಜಾವಾ ಮಾಡಿದ್ದು ಸರಿ. ಅದರ ಬೆಲೆ ಏನೆಂದು ನಮಗೆ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ, ಅಷ್ಟೇ.

ಬೆಲೆ ಎಂದರೆ ಕಂಪೈಲರ್ ಕೊಡುವ ಎಚ್ಚರಿಕೆಗಳು. ಚೀಟಿಯಿಲ್ಲದ ಚೀಲ ಚೀಟಿಯ ಕೈಗೆ ದಾಟುವ ಪ್ರತಿ ಗಡಿಯಲ್ಲೂ ಕಂಪೈಲರ್ ಒಂದು ಮಾತು ಬರೆದಿಡುತ್ತದೆ: ‘ಅನ್‌ಚೆಕ್ಡ್’. ಇದನ್ನು ಬೈಗುಳವೆಂದು ತಿಳಿದವರೇ ಹೆಚ್ಚು. ಅದು ‘ನೀನು ತಪ್ಪಿದೆ’ ಎನ್ನುತ್ತಿಲ್ಲ, ‘ಇಲ್ಲಿ ನಾನು ಪರೀಕ್ಷಿಸಲಾರೆ, ನನ್ನ ಜಾಮೀನು ಇಲ್ಲಿಗೆ ಮುಗಿಯಿತು’ ಎನ್ನುತ್ತಿದೆ. ಇಪ್ಪತ್ತು ಅಂತ ಐತಿ, ಏನಂತ ಇಲ್ಲ.

ನಾನು ಬೆಂಗಳೂರಿಗೆ ಬಂದದ್ದು 2003ರಲ್ಲಿ, ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ, ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಗಂಟಿನೊಂದಿಗೆ. ಸೇರಿದ ಕಂಪನಿ ಪರದೇಶದ ಗಿರಾಕಿಗಳ ಹಳೆ ಕೋಡು ನೋಡಿಕೊಳ್ಳುವಂಥದ್ದು. 2006ರ ಸುಮಾರಿಗೆ ಕೋಡನ್ನೆಲ್ಲ ಜಾವಾ 5ಕ್ಕೆ ಏರಿಸುವ ಕೆಲಸ ಬಂತು. ಮೊದಲ ದಿನ ಕೋಡು ಬರೆಯುವ ಎಕ್ಲಿಪ್ಸ್ ಎಂಬ ತಂತ್ರಾಂಶ ತೆರೆದರೆ ಎಡಗಡೆ ಅಂಚಿನ ಉದ್ದಕ್ಕೂ ಹಳದಿ ತ್ರಿಕೋನಗಳು, ಸಾಲುಗಳ ಕೆಳಗೆ ಹಳದಿ ಅಂಕುಡೊಂಕು ಗೆರೆ. ಕಣದ ಸುತ್ತ ಯಾರೋ ಅರಿಶಿನ ಚೆಲ್ಲಿದಂತೆ. ಕಮಾಂಡಿನಿಂದ ಕಂಪೈಲ್ ಮಾಡಿದರೆ ಕೊನೆಯಲ್ಲಿ ಎರಡೇ ಸಾಲು: ಕೆಲವು ಫೈಲುಗಳಲ್ಲಿ ಪರೀಕ್ಷೆಗೆ ಸಿಗದ ಕೆಲಸಗಳಿವೆ, ವಿವರ ಬೇಕಿದ್ದರೆ ‘ಎಕ್ಸ್‌ಲಿಂಟ್’ ಸೇರಿಸಿ ಮತ್ತೆ ಮಾಡಿ. ಆ ವಿವರವನ್ನು ಕೇಳಿದವರನ್ನು ನಾನು ಆಗ ಕಂಡಿಲ್ಲ.

ಗಿರಾಕಿಗೆ ಒಪ್ಪಿಸುವ ಕಾಗದದಲ್ಲಿ ಎಚ್ಚರಿಕೆಗಳ ಲೆಕ್ಕ ಸೊನ್ನೆ ಇರಬೇಕೆಂದು ಒಂದು ಕಾಲಂ ಇತ್ತು. ಸೊನ್ನೆ ಮಾಡಲು ಎರಡು ದಾರಿ. ಒಂದು, ಪ್ರತಿಯೊಂದನ್ನೂ ಓದಿ ಸರಿಪಡಿಸುವುದು. ಇನ್ನೊಂದು, ಕ್ಲಾಸಿನ ನೆತ್ತಿಯ ಮೇಲೆ ‘ಸಪ್ರೆಸ್‌ವಾರ್ನಿಂಗ್ಸ್’ ಎಂಬ ಒಂದೇ ಸಾಲು ಬರೆಯುವುದು. ಎಕ್ಲಿಪ್ಸ್ ತಾನೇ ಬರೆದುಕೊಡುತ್ತದೆ, ಎರಡು ಕ್ಲಿಕ್. ಸೀನಿಯರ್ ತೋರಿಸಿಕೊಟ್ಟರು, ನಾನು ಕಲಿತೆ, ನನ್ನ ಕೈಕೆಳಗೆ ಬಂದವರಿಗೆ ನಾನೂ ಕಲಿಸಿದೆ. ಒಂದು ವಾರದ ಕೆಲಸ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು. ಸಂಜೆ ತಂಡಕ್ಕೆಲ್ಲ ಮಸಾಲೆದೋಸೆ.

ಮುಂದಿನದು ನನ್ನದೇ ತಪ್ಪಿನ ಕಥೆ. ಆ ಕೋಡಿನಲ್ಲಿ ತಿಂಗಳ ಕೊನೆಯ ರಾತ್ರಿ ಪಾವತಿ ಪಟ್ಟಿ ತಯಾರಿಸುವ ಒಂದು ಕ್ಲಾಸು ನನ್ನ ಪಾಲಿನದು. ಜೆನೆರಿಕ್ಸ್ ಹುಟ್ಟುವ ಮುಂಚಿನ ಒಂದು ಲೈಬ್ರರಿ ಅದಕ್ಕೆ ಚೀಟಿಯಿಲ್ಲದ ವೆಕ್ಟರ್ ಕೊಡುತ್ತಿತ್ತು. ನಾನು ಅದನ್ನು ‘ಸ್ಟ್ರಿಂಗ್‌ಗಳ ಲಿಸ್ಟ್’ ಎಂದು ಹೇಳಿಕೊಂಡೆ. ಕಂಪೈಲರ್ ಜಾಮೀನು ನಿರಾಕರಿಸಿತು. ನಾನು ನೆತ್ತಿಯ ಮೇಲೆ ಆ ಸಾಲು ಬರೆದೆ. ಒಂದೂವರೆ ವರ್ಷ ಎಲ್ಲ ಸುಸೂತ್ರ. ಆಮೇಲೆ ಯಾರೋ ಆ ಲೈಬ್ರರಿಯಲ್ಲಿ ಒಂದು ಖಾನೆಯನ್ನು ಪಠ್ಯದ ಬದಲು ಅಂಕಿಯಾಗಿ ಕಳಿಸುವಂತೆ ಬದಲಿಸಿದರು. ಅವರ ಮಟ್ಟಿಗೆ ಅದು ಸುಧಾರಣೆಯೇ. ತಿಂಗಳ ಕೊನೆಯ ರಾತ್ರಿ ಎರಡು ಗಂಟೆಗೆ ನನ್ನ ಫೋನು ಬಡಿದುಕೊಂಡಿತು.

ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಶನ್. ಸರಿ, ಯಾವ ಸಾಲು? ತೋರಿಸಿದ ಸಾಲಿಗೆ ಹೋಗಿ ನೋಡಿದರೆ ಅಲ್ಲಿ ಕ್ಯಾಸ್ಟ್ ಎಂಬುದೇ ಇಲ್ಲ. ಬರೀ ಒಂದು ಫಾರ್ ಲೂಪ್. ಕಣ್ಣುಜ್ಜಿಕೊಂಡು ನೋಡಿದೆ, ಆಗಲೂ ಇಲ್ಲ. ಕ್ಯಾಸ್ಟ್ ಬರೆದವನು ನಾನಲ್ಲ, ಚೀಟಿ ಕಿತ್ತ ಮೇಲೆ ಕಂಪೈಲರ್ ತಾನೇ ಸೇರಿಸಿದ ಕ್ಯಾಸ್ಟ್ ಅದು, ಕಾಗದದ ಮೇಲೆ ಕಾಣುವುದಿಲ್ಲ ಎಂಬುದು ಬೆಳಗಿನ ಜಾವಕ್ಕೆ ಹೊಳೆಯಿತು. ತಪ್ಪು ವಸ್ತು ಒಳಗೆ ಬಿದ್ದದ್ದು ಎಲ್ಲೋ, ಬಿದ್ದದ್ದನ್ನು ತೆಗೆದು ಮುಗ್ಗರಿಸಿದ್ದು ಇನ್ನೆಲ್ಲೋ, ನಡುವೆ ಆರು ಕ್ಲಾಸುಗಳ ಅಂತರ. ಜಾವಾದವರು ಇದಕ್ಕೆ ‘ಹೀಪ್ ಪೊಲ್ಯೂಷನ್’ ಎಂದು ಹೆಸರಿಟ್ಟಿದ್ದಾರೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಾಶಿಯಲ್ಲಿ ಕಲಬೆರಕೆ. ಸೋನಾ ನೆಲ್ಲಿನ ರಾಶಿಗೆ ದಪ್ಪ ಕಾಳು ಒಂದು ಪುಟ್ಟಿ ಸೇರಿದರೆ ಗೊತ್ತಾಗುವುದು ಕಣದಲ್ಲಲ್ಲ, ಎಪ್ಪತ್ತೈದು ಕಿಲೋ ಚೀಲ ಗಿರಣಿ ಸೇರಿ ಅಕ್ಕಿಯಾಗಿ ಯಾರದೋ ತಟ್ಟೆಗೆ ಬಂದ ಮೇಲೆ. ಆಗ ಯಾವ ಹೊಲದ ಯಾವ ಗಾಡಿ ಎಂದು ಹುಡುಕುವುದು ಹೇಗೆ?

ಹುಡುಕಲು ಒಂದು ಉಪಾಯ ಅದೇ ಜಾವಾ 5ರಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ. ‘ಕಲೆಕ್ಷನ್ಸ್’ ಎಂಬ ಕ್ಲಾಸಿನಲ್ಲಿ ‘ಚೆಕ್ಡ್‌ಲಿಸ್ಟ್’ ಎಂಬ ಒಂದು ಸೌಲಭ್ಯ. ಲಿಸ್ಟಿನ ಜೊತೆ ಬಗೆಯನ್ನೂ ಕೈಗೆ ಕೊಟ್ಟರೆ ಅದು ಬಾಗಿಲಲ್ಲೇ ಕೂತು, ಒಳಗೆ ಹಾಕುವ ಪ್ರತಿಯೊಂದನ್ನೂ ಓಡುವ ಹೊತ್ತಿನಲ್ಲೇ ಪರೀಕ್ಷಿಸುತ್ತದೆ. ಗಿರಣಿ ಬಾಗಿಲಲ್ಲಿ ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಸುರಿದುಕೊಳ್ಳುವವರಂತೆ. ಮರುರಾತ್ರಿ ಅನುಮಾನದ ಲಿಸ್ಟುಗಳಿಗೆಲ್ಲ ಅದನ್ನು ಸುತ್ತಿ ಓಡಿಸಿದೆ. ಮೊದಲ ನಿಮಿಷದಲ್ಲೇ ಬಿತ್ತು, ಈ ಸಲ ಹಾಕಿದ ಜಾಗದಲ್ಲೇ. ಆರು ಕ್ಲಾಸುಗಳ ಅಂತರ ಒಂದೇ ಸಾಲಿಗೆ ಇಳಿಯಿತು.

ಆ ತಿಂಗಳು ನಾನು ನೆತ್ತಿಯ ಮೇಲಿನ ಸಾಲುಗಳನ್ನೆಲ್ಲ ಅಳಿಸಿದೆ. ನನ್ನ ಪಾಲಿನ ಫೈಲುಗಳಲ್ಲಿ ನೂರಾ ನಲವತ್ತರ ಮೇಲೆ ಎಚ್ಚರಿಕೆಗಳು ಎದ್ದು ಕೂತವು. ಅದೇ ವರ್ಷ, 2008ರಲ್ಲಿ, ಜೋಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ದ ಎರಡನೆಯ ಆವೃತ್ತಿ ಬಂತು. ಅನ್‌ಚೆಕ್ಡ್ ಎಚ್ಚರಿಕೆಗಳಿಗೆಂದೇ ಅದರಲ್ಲೊಂದು ಪ್ರಕರಣವಿದೆ. ಬ್ಲಾಕ್ ಅವರ ನಿಲುವು ಕಟ್ಟುನಿಟ್ಟಿನದು: ಸಾಧ್ಯವಿರುವ ಪ್ರತಿ ಎಚ್ಚರಿಕೆಯನ್ನೂ ತೆಗೆಯಿರಿ, ತೆಗೆಯಲಾಗದ್ದು ಸುರಕ್ಷಿತ ಎಂದು ನಿಮಗೆ ನೀವೇ ಸಾಧಿಸಿ ತೋರಿಸಿಕೊಂಡ ಮೇಲಷ್ಟೇ ಅದನ್ನು ಅಡಗಿಸಿ, ಅದೂ ಆದಷ್ಟು ಸಣ್ಣ ಜಾಗದಲ್ಲಿ, ಕಾರಣ ಬರೆದಿಟ್ಟು.

ಕೂತು ಬಿಡಿಸಿದರೆ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಬರೀ ಸೋಮಾರಿತನದವು. ಲಿಸ್ಟ್ ಹುಟ್ಟುವ ಜಾಗದಲ್ಲಿ ಬಗೆ ಬರೆದಿರಲಿಲ್ಲ, ಬರೆದ ಕೂಡಲೇ ಅದನ್ನು ಬಳಸುವ ಹತ್ತು ಕಡೆಯ ಹಳದಿ ಒಟ್ಟಿಗೆ ಆರಿತು. ಎಚ್ಚರಿಕೆ ಕಾಣುವ ಸಾಲು ಮತ್ತು ತಿದ್ದಬೇಕಾದ ಸಾಲು ಬೇರೆ ಬೇರೆ ಎಂಬ ಪಾಠ ಅಲ್ಲಿ ಸಿಕ್ಕಿತು. ಕೆಲವೆಡೆ ಬಗೆ ನಿಜಕ್ಕೂ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ. ಲಿಸ್ಟಿನಲ್ಲಿ ಎಷ್ಟಿವೆ ಎಂದು ಎಣಿಸಿದರೆ ಸಾಕಿತ್ತು. ಅಲ್ಲಿ ಆರ್ಹುಸ್‌ನವರ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ರಾ ಟೈಪಿಗೂ ಇದಕ್ಕೂ ಏನು ಫರಕು ಎಂದು ಹುಡುಗರು ಇವತ್ತಿಗೂ ಕೇಳುತ್ತಾರೆ. ರಾ ಟೈಪ್ ಎಂದರೆ ‘ಏನಾದರೂ ಹಾಕಿಕೋ, ನಾನು ನೋಡುವುದಿಲ್ಲ.’ ಪ್ರಶ್ನಾರ್ಥಕ ಎಂದರೆ ‘ಒಳಗೆ ಯಾವುದೋ ಒಂದು ಬಗೆ ಇದೆ, ಯಾವುದೆಂದು ನನಗೆ ಗೊತ್ತಿಲ್ಲ, ಆದ್ದರಿಂದ ಹೊಸದಾಗಿ ಏನನ್ನೂ ಹಾಕಗೊಡುವುದಿಲ್ಲ.’ ಒಬ್ಬ ನಿದ್ದೆ ಹೊಡೆಯುವ ಕಾವಲುಗಾರ, ಇನ್ನೊಬ್ಬ ಕೀಲಿಕೈ ಇಲ್ಲದ ಕಾವಲುಗಾರ.

ಕಷ್ಟದವು ಕ್ಯಾಸ್ಟಿನವು. ವೆಬ್ ಸೆಷನ್ನಿನಿಂದ ತೆಗೆದರೆ ಸಿಗುವುದು ಬರೀ ಆಬ್ಜೆಕ್ಟ್. ಅದನ್ನು ‘ಸ್ಟ್ರಿಂಗ್‌ಗಳ ಲಿಸ್ಟ್’ ಎಂದು ಕ್ಯಾಸ್ಟ್ ಮಾಡಿದರೆ ಓಡುವ ಯಂತ್ರ ಅದು ಲಿಸ್ಟ್ ಹೌದೋ ಅಲ್ಲವೋ ಎಂದಷ್ಟೇ ನೋಡಬಲ್ಲದು, ಚೀಟಿ ಕಿತ್ತಾಗಿದೆಯಲ್ಲ. ಇಂಥ ಕಡೆ ಎರಡು ಮದ್ದು ಮಾಡಿದೆ. ಒಂದೊಂದೇ ವಸ್ತುವನ್ನು ಪರೀಕ್ಷಿಸಿ ಹೊಸ ಲಿಸ್ಟಿಗೆ ಸುರಿಯುವುದು ಒಂದು. ಲಿಸ್ಟನ್ನು ಬೆತ್ತಲೆಯಾಗಿ ಇಡದೆ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ‘ಪಾವತಿಪಟ್ಟಿ’ ಎಂಬ ನನ್ನದೇ ಕ್ಲಾಸನ್ನು ಸೆಷನ್ನಿಗೆ ಹಾಕುವುದು ಇನ್ನೊಂದು. ಆ ಕ್ಲಾಸಿಗೆ ಚೀಟಿ ಬೇಕಿಲ್ಲ, ಹೆಸರೇ ಚೀಟಿ, ಕ್ಯಾಸ್ಟ್ ಪೂರ್ತಿ ಪರೀಕ್ಷೆಗೆ ಸಿಗುತ್ತದೆ. ಎರಡನೆಯದೇ ನನಗೆ ಇವತ್ತಿಗೂ ಮೆಚ್ಚು.

ಡೇಟಾಬೇಸಿನಿಂದ ಬರುವ ಲಿಸ್ಟುಗಳ ವಿಷಯದಲ್ಲಿ ನಾವು ಕಾಯಬೇಕಾಯಿತು. ಅವನ್ನು ತಂದುಕೊಡುವ ಹೈಬರ್‌ನೇಟ್ ಎಂಬ ಲೈಬ್ರರಿ ಆಗ ಕೊಡುತ್ತಿದ್ದುದು ಚೀಟಿಯಿಲ್ಲದ ಲಿಸ್ಟ್. 2009ರ ಡಿಸೆಂಬರಿನಲ್ಲಿ ಜೆಪಿಎ 2.0 ಎಂಬ ಡೇಟಾಬೇಸ್ ಮಾನದಂಡದ ಜೊತೆ ‘ಟೈಪ್ಡ್‌ಕ್ವೆರಿ’ ಬಂತು, ಹೈಬರ್‌ನೇಟ್ ತನ್ನ ಸ್ವಂತ ಕ್ವೆರಿಗೆ ಬಗೆ ಸೇರಿಸಿದ್ದು 2016ರ 5.2ರಲ್ಲಿ. ಅಷ್ಟರಲ್ಲಿ ಇತ್ತ ಜಾವಾ 7, 2011ರಲ್ಲಿ, ಬಗೆಯನ್ನು ಎರಡೆರಡು ಸಲ ಬರೆಯುವ ಕಾಟ ತಪ್ಪಿಸಿತು. ಒಂದೊಂದಾಗಿ ಹಳೆ ಲೈಬ್ರರಿಗಳು ಚೀಟಿ ಅಂಟಿಸಿಕೊಂಡವು, ಹಳದಿ ತಾನಾಗಿ ಇಳಿಯಿತು. 2004ರಲ್ಲಿ ಮಾಡಿದ ಒಪ್ಪಂದ ಅದಕ್ಕಾಗಿಯೇ ತಾನೇ, ಪ್ರತಿಯೊಬ್ಬರೂ ತಮ್ಮ ತಮ್ಮ ಹೊತ್ತಿಗೆ ಬದಲಾಗಲಿ ಎಂದು.

ಆದರೂ ಪೂರ್ತಿ ಇಳಿಯುವುದಿಲ್ಲ. ಜಾವಾದ ಸ್ವಂತ ‘ಅರೇಲಿಸ್ಟ್’ ಕ್ಲಾಸಿನ ಮೂಲ ಬರಹವನ್ನು ಒಮ್ಮೆ ತೆರೆದು ನೋಡಿ. ಒಳಗೆ ಆಬ್ಜೆಕ್ಟ್‌ಗಳ ಒಂದು ಅರೇ, ಅದರಿಂದ ತೆಗೆದು ಕೊಡುವ ಒಂದೇ ಸಾಲಿನ ಪುಟ್ಟ ಮೆಥಡ್, ಅದರ ನೆತ್ತಿಯ ಮೇಲೆ ನಮ್ಮ ಹಳೆ ಗೆಳೆಯ ‘ಸಪ್ರೆಸ್‌ವಾರ್ನಿಂಗ್ಸ್’. ನಾನು ಮೊದಲು ಕಂಡಾಗ ನಕ್ಕುಬಿಟ್ಟೆ. ಆಮೇಲೆ ಗಮನಿಸಿದೆ: ಕ್ಲಾಸಿನ ನೆತ್ತಿಯ ಮೇಲೆ ಇಲ್ಲ, ಇಂಥ ಕೆಲವು ಮೆಥಡ್‌ಗಳ ಮೇಲೆ ಮಾತ್ರ. ಅನುಮಾನವನ್ನೆಲ್ಲ ಚಿಕ್ಕ ಚಿಕ್ಕ ಕೋಣೆಗಳಿಗೆ ತಂದು ಅಲ್ಲಿ ಮಾತ್ರ ಬೀಗ ಜಡಿದಿದ್ದಾರೆ. ನಾನು ಊರಿಗೇ ಬೀಗ ಜಡಿದಿದ್ದೆ.

2016ರಲ್ಲಿ ನಾಡಾ ಅಮೀನ್ ಮತ್ತು ರಾಸ್ ಟೇಟ್ ಎಂಬ ಇಬ್ಬರು ಸಂಶೋಧಕರು ಒಂದೇ ಒಂದು ಎಚ್ಚರಿಕೆಯನ್ನೂ ಎಬ್ಬಿಸದೆ, ಒಂದೂ ಕ್ಯಾಸ್ಟ್ ಬರೆಯದೆ ಜಾವಾದ ಬಗೆವ್ಯವಸ್ಥೆಯನ್ನು ಮೋಸಗೊಳಿಸಿ ತೋರಿಸಿದರು. ವೈಲ್ಡ್‌ಕಾರ್ಡ್ ಮತ್ತು ‘ಇಲ್ಲಿ ಯಾವ ವಸ್ತುವೂ ಇಲ್ಲ’ ಎಂದು ಹೇಳುವ ‘ನಲ್’ ಎರಡೂ ಒಂದು ವಿಚಿತ್ರ ಮೂಲೆಯಲ್ಲಿ ಭೇಟಿಯಾದಾಗ ಆಗುವ ಎಡವಟ್ಟು ಅದು. ನನ್ನ ಕಸುಬಿನಲ್ಲಿ ಅಂಥ ಮೂಲೆಗೆ ನಾನು ಇನ್ನೂ ಹೋಗಿಲ್ಲ. ಹೋದ ಗೆಳೆಯರೂ ಇಲ್ಲ. ಆದರೂ ಓದಿದ ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ.

ಈಗ ನಾನು ನೋಡಿಕೊಳ್ಳುವ ಕೋಡಿನಲ್ಲಿ ಅಡಗಿಸಿದ ಎಚ್ಚರಿಕೆ ಒಂದೇ ಉಳಿದಿದೆ. ಯಾರೂ ಮುಟ್ಟದ ಒಂದು ಹಳೆ ಲೈಬ್ರರಿಯ ಗಡಿಯಲ್ಲಿ. ಅದರ ಮೇಲೆ ನಾನು ಕನ್ನಡದಲ್ಲೇ ನಾಲ್ಕು ಸಾಲು ಟಿಪ್ಪಣಿ ಬರೆದಿದ್ದೇನೆ: ಈ ಲಿಸ್ಟ್ ಎಲ್ಲಿಂದ ಬರುತ್ತದೆ, ಇದರಲ್ಲಿ ಸ್ಟ್ರಿಂಗ್ ಬಿಟ್ಟು ಬೇರೇನೂ ಯಾಕೆ ಬರಲಾರದು, ಯಾವ ಕಡತ ನೋಡಿ ಖಾತ್ರಿ ಮಾಡಿಕೊಂಡೆ, ತಾರೀಖು, ನನ್ನ ಹೆಸರು. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ನಿನ್ನ ಕೆಲಸ ಏನೆಂದು ಒಮ್ಮೆಯಾದರೂ ತೋರಿಸು ಎಂದರು. ಲ್ಯಾಪ್‌ಟಾಪ್ ತೆರೆದು ಆ ಟಿಪ್ಪಣಿಯನ್ನೇ ತೋರಿಸಿದೆ, ಅವರು ಓದಬಲ್ಲ ಸಾಲುಗಳು ಅವಷ್ಟೇ. ಕನ್ನಡಕ ಮೇಲೆತ್ತಿ ನಿಧಾನ ಓದಿದರು. ಕೊನೆಗೆ ನನ್ನ ಹೆಸರಿನ ಮೇಲೆ ಬೆರಳಿಟ್ಟರು.

‘ಬರೆದವನು ನೀನು. ಸಾಕ್ಷಿ ಯಾರು?’

‘ಸಾಕ್ಷಿ ಇಲ್ಲಪ್ಪ, ನಾನೇ ನೋಡಿ ಬರೆದದ್ದು.’

‘ಬರೆದವನೇ ಸಾಕ್ಷಿ ಹಾಕಬಾರದು ಕಣಪಾ. ನಲವತ್ತು ವರ್ಷದಾಗ ನಾನು ಹಾಕಿಲ್ಲ.’

ಬೆಂಗಳೂರಿಗೆ ಮರಳಿದ ಮೇಲೆ ತಂಡದಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳನ್ನು ಕರೆದು ಆ ಸಾಲು ತೋರಿಸಿದೆ, ನಂಬಬೇಡ, ಮೊದಲಿಂದ ಪರೀಕ್ಷಿಸು ಎಂದೆ. ಅವಳು ಎರಡು ದಿನ ತೆಗೆದುಕೊಂಡಳು. ಮೂರನೆಯ ದಿನ ನನ್ನ ಮೇಜಿಗೆ ಬಂದು, ಲೈಬ್ರರಿಯೊಳಗೆ ಒಂದು ಕಡೆ ನಲ್ ಕೂಡ ಬರಬಹುದು, ನೀವು ಅದನ್ನು ಬರೆದಿಲ್ಲ ಸರ್ ಎಂದಳು. ಟಿಪ್ಪಣಿಗೆ ಐದನೆಯ ಸಾಲು ಸೇರಿತು, ಅದರ ಕೆಳಗೆ ಅವಳ ಹೆಸರು.